ಮಾವನ ಬಾಯಿಯ ಅಳತೆ

ಹೋದ ತಿಂಗಳು ನನ್ನ ಹಳೇ ಗೂಡ್ಸ್ ಗಾಡಿಯನ್ನು ಹೊನ್ನಾಳಿಯ ಒಬ್ಬ ತರಕಾರಿ ವ್ಯಾಪಾರಿಗೆ ಮಾರಿದೆ. ಗಾಡಿ ಮಾರುವವರಿಗೆ ನಾನು ಯಾವಾಗಲೂ ಹೇಳುವುದು ಒಂದೇ. ಕೊಳ್ಳುವವನು ಬರುವ ಮುಂಚೆಯೇ ಡ್ಯಾಶ್‌ಬೋರ್ಡಿನ ಡಬ್ಬಿ, ಸೀಟಿನ ಕೆಳಗೆ, ಚಾಪೆಯ ಅಡಿ ಎಲ್ಲ ತೆಗೆದು ನೋಡಿಕೊಳ್ಳಿ. ಒಳಗೊಂದು ಹಳೇ ರಿಪೇರಿ ಚೀಟಿ ಸಿಕ್ಕರೆ ಸಾಕು, ಅವನು ಬೆಲೆ ಇಳಿಸುತ್ತಾನೆ. ಅಷ್ಟು ಹೇಳುವ ನಾನೇ ಆ ದಿನ ಮರೆತಿದ್ದೆ. ಹೊನ್ನಾಳಿಯವನು ಪಕ್ಕದಲ್ಲಿ ನಿಂತಿರುವಾಗಲೇ ಡಬ್ಬಿಗೆ ಕೈ ಹಾಕಿದೆ. ವಿಮೆಯ ಕಾಗದ, ಒಂದು ಸ್ಪ್ಯಾನರ್, ಒಣಗಿ ಕಲ್ಲಾದ ನಿಂಬೆಹಣ್ಣು... ಅದರ ಹಿಂದೆ, ರಬ್ಬರ್ ಬ್ಯಾಂಡ್ ಸುತ್ತಿದ ಐಸ್‌ಕ್ರೀಮ್ ಕಡ್ಡಿಗಳ ಒಂದು ಕಟ್ಟು.

ಮುಟ್ಟಿದ ಕೂಡಲೇ ರಬ್ಬರ್ ಬ್ಯಾಂಡ್ ಪುಡಿಯಾಗಿ ಉದುರಿತು. ಕಡ್ಡಿಗಳು ಅಂಗೈಯಲ್ಲಿ ಹರಡಿಕೊಂಡವು. ಎಲ್ಲಕ್ಕಿಂತ ಮೇಲಿನದರ ಮೇಲೂ ಕೆಳಗಿನದರ ಮೇಲೂ ಹಲ್ಲು ಊರಿದ ಗುರುತು. ಎಣಿಸಿದೆ. ಆರು.

ಮಕ್ಕಳ ಆಟದ್ದಾ ಎಂದು ಹೊನ್ನಾಳಿಯವನು ಕೇಳಿದ. ಹೌದು ಎಂದೆ. ಆಮೇಲೆ ಅವನು ಟೈರಿನ ಬಗ್ಗೆ ಏನೋ ಮಾತು ತೆಗೆದ, ನಾನು ಏನೋ ಉತ್ತರ ಕೊಟ್ಟೆ. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಮೊದಲ ಸಲ ಎದುರಿನವನು ಹೇಳಿದ ಬೆಲೆಗೇ ಒಪ್ಪಿ ಕೀಲಿಕೈ ಕೊಟ್ಟುಬಿಟ್ಟೆ.

ಆ ಕಡ್ಡಿಗಳು ಮಾವನವು.

ಮಾವ ಎಂದರೆ ರಕ್ತಸಂಬಂಧದ ಮಾವನಲ್ಲ. ಅವರು ಬಿಳಿಚೋಡಿನವರು, ಕುರಿ ದಲ್ಲಾಳಿ. ನಾನು ನ್ಯಾಮತಿ ಕಡೆಯ ಒಂದು ಸಣ್ಣ ಹಳ್ಳಿಯವನು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಎರಡು ಆಡು ಹೊಡೆದುಕೊಂಡು ಸಂತೇಬೆನ್ನೂರಿನ ಸಂತೆಗೆ ಬಂದಿದ್ದೆ. ಮಾವ ಐದೇ ನಿಮಿಷದಲ್ಲಿ ಎರಡನ್ನೂ ಖರೀದಿ ಮಾಡಿದರು. ಖುಷಿಯಿಂದ ಹೊರಟಿದ್ದ ನನ್ನನ್ನು ಕೂಗಿ ಕರೆದು, ಚಹಾದಂಗಡಿಯ ಬೆಂಚಿನ ಮೇಲೆ ಕೂರಿಸಿ, ಚಹಾ ಹೇಳಿ, ಮೆಲ್ಲಗೆ ಹೇಳಿದರು: "ಅಳಿಯಾ, ಇವತ್ತು ನಿಂಗೆ ನಾನು ಟೋಪಿ ಹಾಕೀನಿ. ಹೆಂಗೆ ಹಾಕ್ದೆ ಅಂತ ಹೇಳ್ತೀನಿ, ಕೇಳ್ಕೋ."

ನಾನು ಆಡಿನ ಹಗ್ಗವನ್ನು ಆಗಲೇ ಸಡಿಲ ಬಿಟ್ಟು ನಿಂತಿದ್ದೆನಂತೆ, ಮಾರಲೇಬೇಕೆಂದು ಬಂದವನ ಹಾಗೆ. ಬಿಸಿಲು ಏರುವ ಮುಂಚೆ ಮನೆಗೆ ಹೋಗುವ ಆತುರ ಮುಖದಲ್ಲಿ ಇತ್ತಂತೆ. ಮತ್ತೆ ಅವರು ಆಡಿನ ಬಾಯಿ ಬಿಡಿಸಿ ಹಲ್ಲು ನೋಡುವಾಗ ನಾನು ಬೇರೆ ಕಡೆ ನೋಡುತ್ತಿದ್ದೆನಂತೆ. "ಅವರು ಬಾಯಿ ನೋಡುವಾಗ ನೀನು ಅವರ ಮುಖ ನೋಡಬೇಕು," ಎಂದರು. ಟೋಪಿ ಹಾಕಿಸಿಕೊಂಡ ಸಿಟ್ಟು ಇರಬೇಕಿತ್ತು, ಇರಲಿಲ್ಲ. ಮುಂದಿನ ವಾರ ಮತ್ತೆ ಹೋದೆ, ಮಾರುವುದಕ್ಕೆ ಏನೂ ಇಲ್ಲದೆ. ಆಗಿನಿಂದ ಹದಿನಾರು ವರ್ಷ ಅವರ ಜೊತೆ ಸಂತೆ ಮಾಡಿದೆ... ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ. ಇವತ್ತು ಚನ್ನಗಿರಿಯಲ್ಲಿ ನನ್ನದೊಂದು ಮನೆ, ನಾಲ್ಕು ಜನ ಮಾತು ಕೇಳುವ ಹೆಸರು ಇದೆ ಎಂದರೆ ಆ ಬೆಂಚಿನ ಮೇಲೆ ಕೂತಿದ್ದರಿಂದ.

ಕುರಿಯ ವಯಸ್ಸು ಅದರ ಬಾಯಲ್ಲಿ ಇರುತ್ತದೆ. ಹಾಲುಹಲ್ಲು ಬಿದ್ದು ಮುಂದೆ ಎರಡು ದೊಡ್ಡ ಹಲ್ಲು ಬಂದರೆ ಒಂದು ಬೆಲೆ, ನಾಲ್ಕು ಬಂದರೆ ಇನ್ನೊಂದು, ಸವೆದರೆ ಬೇರೆಯೇ. ಮಾವ ಹೆಬ್ಬೆರಳಿನಿಂದ ತುಟಿ ಎತ್ತಿ ಒಂದು ಕ್ಷಣ ನೋಡಿ ಬಿಡುತ್ತಿದ್ದರು. ಬೆಲೆ ಮಾತ್ರ ಬಾಯಿಂದ ಹೇಳುತ್ತಿರಲಿಲ್ಲ. ನಮ್ಮ ಕಡೆ ಹಳೇ ದಲ್ಲಾಳಿಗಳು ಕೈಮೇಲೆ ಟವೆಲ್ ಮುಚ್ಚಿ, ಅದರ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗದು. ಇಂಥ ಬೆರಳಿಗೆ ಇಷ್ಟು, ಅರ್ಧ ಬೆರಳಿಗೆ ಇಷ್ಟು. ಹಿಡಿಯಬೇಕು, ಹೇಳಬೇಕು, ಬಿಡಬೇಕು. ಅಷ್ಟು ಹೊತ್ತೂ ಮಾವನ ಬಾಯಲ್ಲಿ ಅಡಿಕೆ ಚೂರು, ತಂಬಾಕು. ಅದಕ್ಕೂ ಅವರ ಹತ್ತಿರ ಕಾರಣ ಇತ್ತು: ಬಾಯಲ್ಲಿ ಏನಾದರೂ ಇದ್ದರೆ ಮಾತು ಅವಸರಕ್ಕೆ ಹೊರಗೆ ಬೀಳುವುದಿಲ್ಲ. ದಿನಕ್ಕೆ ಎಷ್ಟು ಸಲ ಹಾಕುತ್ತಿದ್ದರು ಎಂದು ಅವರಿಗೂ ಗೊತ್ತಿರಲಿಲ್ಲ.

ಮೊದಲು ಕೆಟ್ಟದ್ದು ಸಿಳ್ಳೆ. ಮಾವ ನಾಲಿಗೆ ಮಡಿಸಿ ಸಿಳ್ಳೆ ಹಾಕಿದರೆ ಹೊಲದ ಆಚೆ ತುದಿಯ ಕುರಿಯೂ ತಲೆ ಎತ್ತುತ್ತಿತ್ತು. ಒಂದು ಬೆಳಿಗ್ಗೆ ಜಗಳೂರಿನ ಸಂತೆಯ ಬಯಲಿನಲ್ಲಿ ಅವರು ಸಿಳ್ಳೆ ಹಾಕಿದರು, ಗಾಳಿ ಮಾತ್ರ ಬಂತು. ಇನ್ನೊಮ್ಮೆ ಹಾಕಿದರು. ಮತ್ತೆ ಗಾಳಿ. ಕುರಿಗಳು ತಮ್ಮ ಪಾಡಿಗೆ ಹೋಗುತ್ತಿದ್ದವು. "ತುಟಿ ಒಣಗೈತೆ," ಎಂದು ನಕ್ಕರು. ಆಮೇಲೆ ಖಾರ ಉರಿಯತೊಡಗಿತು. ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡಿ ಬಾಯಿಗೆ ತಳ್ಳುವುದು ನೋಡಿದೆ. ಕೊನೆಗೆ ಎರಡು ಬೆರಳು ಒಟ್ಟಿಗೆ ಹಲ್ಲಿನ ನಡುವೆ ಹೋಗದಂತಾಯಿತು. ಕೆನ್ನೆಯ ಒಳಗೆ ಬೆಳ್ಳಗೆ, ಚರ್ಮದ ಪಟ್ಟಿ ಬಿಗಿದ ಹಾಗೆ. ಸಾವಿರ ಕುರಿಗಳ ಬಾಯಿ ಬಿಡಿಸಿದವರಿಗೆ ತಮ್ಮ ಬಾಯಿ ಬಿಡಲು ಆಗುತ್ತಿರಲಿಲ್ಲ.

ನಾನೇ ಗಾಡಿಯಲ್ಲಿ ಕೂರಿಸಿಕೊಂಡು ದಾವಣಗೆರೆಯ ಒಂದು ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಾಯಿ, ದವಡೆಯ ಶಸ್ತ್ರಚಿಕಿತ್ಸೆಯ ವಿಭಾಗದಲ್ಲಿ ಇನ್ನೂ ಓದುತ್ತಿದ್ದ ಒಬ್ಬ ಡಾಕ್ಟರಮ್ಮ ಇದ್ದರು. ಸ್ಟೀಲಿನ ಅಳತೆಪಟ್ಟಿಯನ್ನು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಹಿಡಿದು, "ಹದಿನೇಳು," ಎಂದರು. ಹದಿನೇಳು ಮಿಲಿಮೀಟರ್. ಚೆನ್ನಾಗಿರುವ ಬಾಯಿ ನಲವತ್ತರ ಹತ್ತಿರ ತೆರೆಯಬೇಕಂತೆ. ಅಡಿಕೆ, ಗುಟ್ಕಾದಿಂದ ಬರುವ ಕಾಯಿಲೆ ಇದು, ಇದೇ ಮುಂದೆ ಕೆಲವರಲ್ಲಿ ಕ್ಯಾನ್ಸರ್ ಆಗುತ್ತದೆ, ಅದಕ್ಕೇ ಕಣ್ಣಿಟ್ಟಿರಬೇಕು ಎಂದರು. ಅವರು ಒಂದು ಸಂಶೋಧನೆ ಮಾಡುತ್ತಿದ್ದರು. ಇಂಥ ಬಾಯಿಯವರಲ್ಲಿ ಕೆಲವರಿಗೆ ಕೆನ್ನೆಯೊಳಗೆ ಸೂಜಿ, ಕೆಲವರಿಗೆ ಗುಳಿಗೆ, ಎರಡೂ ಗುಂಪಿಗೆ ಬಾಯಿ ತೆರೆಯುವ ವ್ಯಾಯಾಮ. ಯಾವುದರಿಂದ ಹೆಚ್ಚು ಗುಣ ಎಂದು ನೋಡುವುದು.

ನಾಲ್ಕು ಪುಟದ ಒಪ್ಪಿಗೆ ಪತ್ರವನ್ನು ಅವರು ಕನ್ನಡದಲ್ಲಿ ಸಾವಕಾಶವಾಗಿ ಓದಿ ಹೇಳಿದರು. ಮಾವ ಗಂಭೀರವಾಗಿ ಕೇಳಿಸಿಕೊಂಡು, "ಡಾಕ್ಟರಮ್ಮ, ನಾನು ಇಷ್ಟು ವರ್ಷ ಬಾಯಿ ನೋಡೀನಿ. ಒಂದು ಕುರಿ ಹತ್ರನೂ ಸಹಿ ಹಾಕಿಸ್ಕೊಂಡಿಲ್ಲ," ಎಂದರು. ಡಾಕ್ಟರಮ್ಮ ಜೋರಾಗಿ ನಕ್ಕರು. ಯಾರಿಗೆ ಸೂಜಿ, ಯಾರಿಗೆ ಗುಳಿಗೆ ಎಂಬುದು ಮುಚ್ಚಿದ ಲಕೋಟೆಯಲ್ಲಿ ಇರುತ್ತಿತ್ತು. ನಮಗೆ ಸೂಜಿಯದೇ ಕೊಡಿ, ದೂರದಿಂದ ಬರುವವರು ಎಂದು ನಾನು ಅಭ್ಯಾಸಬಲದಿಂದ ಚೌಕಾಸಿಗೆ ಇಳಿದೆ. ಇದರಲ್ಲಿ ಚೌಕಾಸಿ ನಡೆಯುವುದಿಲ್ಲ, ಲಕೋಟೆಯ ಒಳಗೆ ಏನಿದೆ ಎಂದು ನನಗೂ ಗೊತ್ತಿಲ್ಲ ಎಂದರು ಅವರು. ತೆರೆದಾಗ ಸೂಜಿಯೇ ಬಂತು. ನಾನು ಮಾತಾಡಿದ್ದರಿಂದಲೇ ಬಂತು ಎಂದು ಒಳಗೊಳಗೇ ಅಂದುಕೊಂಡೆ.

ಆ ಪತ್ರದಲ್ಲಿ ಒಂದು ಮಾತು ಇತ್ತು. ನೀವು ಯಾವಾಗ ಬೇಕಾದರೂ ಈ ಸಂಶೋಧನೆ ಬಿಟ್ಟು ಹೋಗಬಹುದು, ಹೋದರೂ ಚಿಕಿತ್ಸೆ ನಿಲ್ಲುವುದಿಲ್ಲ. ಗುಣವಾಗದಿದ್ದರೂ ನಿಮ್ಮನ್ನು ಕೈಬಿಡುವುದಿಲ್ಲ. ನಾನು ಅದನ್ನು ಮೂರು ಸಲ ಓದಿಸಿದೆ. ಹೊರಗೆ ಬಂದ ಮೇಲೆ ಮಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮಾರುವವನಿಗೆ ಏನೂ ಲಾಭವಿಲ್ಲದ ಕರಾರು ನಾವು ನಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ. ಎಲ್ಲೋ ಒಂದು ಕಡೆ ಕೊಕ್ಕೆ ಇರುತ್ತದೆ, ಹುಷಾರಾಗಿರಬೇಕು ಎಂದು ಇಬ್ಬರೂ ಒಪ್ಪಿಕೊಂಡೆವು. ನಾವು ಮಾಡಿದ ತಪ್ಪು ಅಲ್ಲೇ ಶುರುವಾಯಿತು. ಅದು ನಿಜವಾದ ಮಾತಾಗಿತ್ತು. ನಿಜ ಇರಬಹುದು ಎಂದು ಮಾತ್ರ ನಮಗೆ ಹೊಳೆಯಲಿಲ್ಲ.

ಹನ್ನೆರಡು ವಾರ, ವಾರಕ್ಕೊಂದು ಸಲ ಸೂಜಿ. ಕೆನ್ನೆಯೊಳಗೆ ಸೂಜಿ ಚುಚ್ಚುವಾಗ ಮಾವ ಕುರ್ಚಿಯ ಹಿಡಿಯನ್ನು ಹಿಡಿದುಕೊಳ್ಳುತ್ತಿದ್ದ ರೀತಿ ಈಗಲೂ ಕಣ್ಣಲ್ಲಿದೆ. ಅಡಿಕೆಯನ್ನು ಮೊದಲ ದಿನವೇ ಬಿಟ್ಟರು. ಬಾಯಿಗೆ ಕೆಲಸವಿಲ್ಲದೆ ಸಂತೆಯಲ್ಲಿ ಅವರು ಪಟ್ಟ ಪಾಡು... ಕೊತ್ತಂಬರಿ ಬೀಜ ಹಾಕಿಕೊಂಡು ನಿಲ್ಲುತ್ತಿದ್ದರು. ಅವರು ಬೆಲೆ ಬೇಗ ಹೇಳಿಬಿಡುತ್ತಾರೆ ಎಂದು ಹೊನ್ನಾಳಿಯ ದಲ್ಲಾಳಿಗಳು ಆಡಿಕೊಂಡರು. ವ್ಯಾಯಾಮಕ್ಕೆ ಐಸ್‌ಕ್ರೀಮ್ ಕಡ್ಡಿ. ಒಂದರ ಮೇಲೊಂದು ಇಟ್ಟ ಕಡ್ಡಿಗಳನ್ನು ಹಲ್ಲಿನ ನಡುವೆ ಇಟ್ಟುಕೊಂಡು ಕೂರಬೇಕು, ಬಾಯಿ ಸಡಿಲಾದ ಹಾಗೆ ಮಧ್ಯೆ ಇನ್ನೊಂದು ಕಡ್ಡಿ ತೂರಿಸಬೇಕು. ಎಂಟು ಕಡ್ಡಿಯಿಂದ ಶುರು ಮಾಡಿ ಮಾವ ಹದಿಮೂರಕ್ಕೆ ಬಂದರು. ಹನ್ನೆರಡನೇ ವಾರ ಡಾಕ್ಟರಮ್ಮನ ಪಟ್ಟಿ ಇಪ್ಪತ್ತೇಳು ಎಂದು ಹೇಳಿತು. ಆ ದಿನ ಆಸ್ಪತ್ರೆಯ ಅಂಗಳದಲ್ಲಿ ಮಾವ ತುಟಿ ಸೇರಿಸಿ ಒಂದು ಸಣ್ಣ ಸಿಳ್ಳೆ ಹಾಕಿದರು. ಹಕ್ಕಿಮರಿಯ ಸದ್ದಿನಷ್ಟು. ಗೇಟಿನ ಹತ್ತಿರ ಮಲಗಿದ್ದ ನಾಯಿ ತಲೆ ಎತ್ತಿ ನೋಡಿತು. ಅಷ್ಟಕ್ಕೇ ನಾವಿಬ್ಬರೂ ಎಷ್ಟು ನಕ್ಕೆವು...

ಅಲ್ಲಿಂದ ಮುಂದೆ ಮೂರು ತಿಂಗಳಿಗೊಮ್ಮೆ ಬಂದರೆ ಸಾಕು ಎಂದರು. ಮಧ್ಯದ ದಿನಗಳಿಗೆ ಒಂದು ಪುಸ್ತಕ ಕೊಟ್ಟರು. ಪ್ರತಿ ದಿನಕ್ಕೆ ಒಂದು ಸಾಲು: ಎಷ್ಟು ಕಡ್ಡಿ ಹೋಯಿತು, ಎಷ್ಟು ಸಲ ವ್ಯಾಯಾಮ, ಅಡಿಕೆ ಹಾಕಿದಿರಾ, ಬಾಯಲ್ಲಿ ಹೊಸ ಹುಣ್ಣು ಇದೆಯಾ. ಮಾವನಿಗೆ ಸಹಿಯಷ್ಟೇ ಬರುತ್ತಿತ್ತು. ಪುಸ್ತಕ ನನ್ನ ಗಾಡಿಯಲ್ಲಿ ಇರುತ್ತಿತ್ತು, ಬರೆಯುವವನು ನಾನು. ಹದಿನೈದು ದಿನಕ್ಕೊಮ್ಮೆ ಡಾಕ್ಟರಮ್ಮ ನನ್ನ ಫೋನಿಗೆ ಕರೆ ಮಾಡಿ ಪುಸ್ತಕ ಓದಿಸಿಕೊಳ್ಳುತ್ತಿದ್ದರು.

ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಹಾಗೇ ಬಂದಿದ್ದ ಯಾರೋ ಒಬ್ಬರು ಹೇಳಿದ್ದರು, ಗುಣ ಕಾಣದವರ ಹೆಸರು ಹೊಡೆದುಹಾಕುತ್ತಾರಂತೆ ಎಂದು. ಹೇಳಿದವರಿಗೆ ಗೊತ್ತಿತ್ತೋ ಇಲ್ಲವೋ. ನಾವು ಡಾಕ್ಟರಮ್ಮ ಓದಿದ ಪತ್ರವನ್ನು ನಂಬಲಿಲ್ಲ, ಬೆಂಚಿನ ಮಾತನ್ನು ನಂಬಿದೆವು. ಅದೇ ಕೊಕ್ಕೆ, ಸಿಕ್ಕಿತು ಎಂದುಕೊಂಡೆವು.

ಎರಡು ತಿಂಗಳಾದ ಮೇಲೆ ಹದಿಮೂರು ಕಡ್ಡಿ ಹನ್ನೆರಡಾಯಿತು. ಒಂದು ಕಡ್ಡಿ ತಾನೆ, ನಾಳೆ ಸರಿಹೋಗುತ್ತದೆ ಎಂದು ಹದಿಮೂರೇ ಬರೆದೆ. ಮುಂದಿನ ವಾರ ಹನ್ನೊಂದಕ್ಕೆ ಇಳಿದಾಗ ಹದಿನಾಲ್ಕು ಬರೆದೆ. ಒಮ್ಮೆ ಹೇಳಿದ ಬೆಲೆಯಿಂದ ಕೆಳಗೆ ಇಳಿಯುವುದು ನನ್ನ ಕೈಗೆ ಗೊತ್ತಿರಲಿಲ್ಲ. ಆಮೇಲೊಂದು ದಿನ ಚನ್ನಗಿರಿಯ ಸಂತೆ ಮುಗಿಸಿ ಗಾಡಿಯಲ್ಲಿ ಕೂತಿದ್ದಾಗ ಮಾವ ಎಡಗೆನ್ನೆಯನ್ನು ಒಳಗಿನಿಂದ ನಾಲಿಗೆಯಲ್ಲಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಏನು ಮಾವ ಎಂದೆ. ಹಿಂದಿನ ಹಲ್ಲಿನ ಹತ್ತಿರ ಸಣ್ಣ ಹುಣ್ಣು ಎಂದರು. ಪುಸ್ತಕ ತೊಡೆಯ ಮೇಲೆ ಇತ್ತು. ಬರೆಯಲಾ ಎಂದು ಕೇಳಿದೆ.

"ಸಂತೆಗೆ ತಂದ ಕುರಿ ಕುಂಟೈತೆ ಅಂತ ನಾವೇ ಮೈಕ್ ಹಿಡ್ಕೊಂಡು ಕೂಗ್ತೀವೇನೋ? ಕಡ್ಡಿ ತಾಗಿ ಆಗಿರೋದು. ಇಲ್ಲ ಅಂತ ಬರಿ."

ನಾನು ಬರೆದೆ. ಇಲ್ಲ. ಆ ಎರಡಕ್ಷರವನ್ನು ನಾನು ಎಷ್ಟು ಸಲ ಬರೆದೆನೋ ಎಣಿಸಿಲ್ಲ. ದಿನಾ ಬರೆಯುವ ಕಷ್ಟ ಬೇಡವೆಂದು ಒಂದೊಂದು ಸಲ ಹತ್ತು ದಿನದ್ದನ್ನು ಒಟ್ಟಿಗೆ, ಪೆನ್ನು ಎತ್ತದ ಹಾಗೆ ಮೇಲಿಂದ ಕೆಳಗೆ ಬರೆದುಕೊಂಡು ಹೋದೆ.

ಮೂರು ತಿಂಗಳ ಭೇಟಿ ಬಂದದ್ದು ಬಕ್ರೀದ್‌ಗೆ ಸ್ವಲ್ಪ ಮುಂಚೆ. ಕುರಿ ವ್ಯಾಪಾರದವರಿಗೆ ವರ್ಷದ ಸುಗ್ಗಿ ಅದು, ಒಂದು ಸಂತೆ ತಪ್ಪಿದರೂ ತಪ್ಪಿದ ಹಾಗೆ. ಮಾವನಿಗೆ ಹೋಗುವ ಮನಸ್ಸಿರಲಿಲ್ಲ, ನನಗೆ ಕರೆದುಕೊಂಡು ಹೋಗುವ ಬಿಡುವಿರಲಿಲ್ಲ. ಹಬ್ಬ ಮುಗಿದ ಮೇಲೆ ಬರುತ್ತೇವೆ ಎಂದು ನಾನೇ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಎಷ್ಟು ಕಡ್ಡಿ ಹೋಗುತ್ತಿದೆ ಎಂದು ಕೇಳಿದರು. ಹದಿನೈದು ಎಂದೆ. ಹುಣ್ಣು, ರಕ್ತ, ಏನಾದರೂ? ಇಲ್ಲ ಎಂದೆ. ಹಾಗಾದರೆ ಹಬ್ಬ ಮುಗಿದ ಮಾರನೇ ದಿನವೇ ಬನ್ನಿ, ತಪ್ಪಿಸಬೇಡಿ ಎಂದು ಒಪ್ಪಿಕೊಂಡರು. ಆ ಒಂದು ಫೋನ್ ಮಾತಿನಲ್ಲಿ ನನಗೆ ಬೇಕಾದ್ದು ನನಗೆ ಸಿಕ್ಕಿತ್ತು. ಚೌಕಾಸಿಯಲ್ಲಿ ಗೆದ್ದೆ ಎಂಬ ಸಣ್ಣ ಸಂತೋಷವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಆ ಸುಗ್ಗಿ ಒಳ್ಳೆಯ ಸುಗ್ಗಿ. ಮಾವ ಮಾತು ಕಡಿಮೆ ಮಾಡಿದ್ದರು, ಎಲ್ಲ ಟವೆಲ್ಲಿನ ಕೆಳಗೇ. ಮಧ್ಯಾಹ್ನ ನಾನು ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದರು. ಗಾಡಿಯಲ್ಲಿ ಕಡ್ಡಿ ಕಚ್ಚಿಕೊಂಡು ಕೂರುತ್ತಿದ್ದರು, ನನಗೆ ಬೆನ್ನು ಮಾಡಿ. ಆಗ ಆರು ಕಡ್ಡಿ ಹೋಗುತ್ತಿತ್ತು ಎಂಬುದು ನನಗೆ ಗೊತ್ತಿತ್ತು.

ಹಬ್ಬ ಮುಗಿದ ಮೇಲೂ ಎರಡು ವಾರ ದೂಡಿ ಹೋದೆವು. ಡಾಕ್ಟರಮ್ಮ ನಗುತ್ತಾ ಬಂದವರು ಮಾವನ ಬಾಯೊಳಗೆ ದೀಪ ಬಿಟ್ಟ ಮೇಲೆ ನಗಲಿಲ್ಲ. ಕುತ್ತಿಗೆಯ ಪಕ್ಕ ಬೆರಳಿಟ್ಟು ಒತ್ತಿ ನೋಡಿದರು, ಇನ್ನೊಬ್ಬ ದೊಡ್ಡ ಡಾಕ್ಟರನ್ನು ಕರೆದರು. ಸಣ್ಣ ಚೂರು ಮಾಂಸ ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವುದಕ್ಕೆ ಕೆಲವು ದಿನ ಬೇಕಿತ್ತು. ಆದರೆ ಅವರ ಮುಖದಲ್ಲಿ ಅದು ಅವತ್ತೇ ಬಂದಿತ್ತು. ಎದುರಿನವನ ಮುಖ ನೋಡುವುದನ್ನು ಮಾವ ನನಗೆ ಕಲಿಸಿದ್ದರು.

ಕ್ಯಾನ್ಸರ್ ಎಂದು ಖಾತ್ರಿಯಾದ ದಿನ ಡಾಕ್ಟರಮ್ಮ ನನ್ನೊಬ್ಬನನ್ನೇ ಕೋಣೆಗೆ ಕರೆದು ಕೂರಿಸಿದರು. ಮೇಜಿನ ಮೇಲೆ ಪುಸ್ತಕ. ಬೈಯುತ್ತಾರೆ ಎಂದು ಕಾದೆ. ಅವರು ಒಂದು ಕೆಂಪು ಪೆನ್ನು ತೆಗೆದು ಮೊದಲ ಪುಟ ತೆರೆದು, ಇದು ನಿಜವೇ ಎಂದು ಕೇಳಿದರು. ನಿಜ ಎಂದೆ. ಮುಂದಿನ ಸಾಲು. ನಿಜ. ಹಾಗೆ ಬರುತ್ತಾ ಬರುತ್ತಾ ಹನ್ನೆರಡನ್ನು ಹದಿಮೂರು ಎಂದು ಬರೆದ ಸಾಲಿಗೆ ಬಂದೆವು. ಸುಳ್ಳು ಎಂದೆ. ಅಲ್ಲಿಂದ ಒಂದೊಂದೇ ಸಾಲು. ಸುಳ್ಳು, ಸುಳ್ಳು, ಸುಳ್ಳು... ಪ್ರತಿಯೊಂದಕ್ಕೂ ಅವರು ಪಕ್ಕದಲ್ಲಿ ಒಂದು ಸಣ್ಣ ಕೆಂಪು ಗೀಟು ಎಳೆದರು. ಹುಣ್ಣು ಯಾವಾಗ ಕಂಡಿತು, ನಿಜವಾಗಿ ಎಷ್ಟು ಕಡ್ಡಿ, ನೆನಪಿದ್ದಷ್ಟು ಹೇಳಿ ಎಂದರು. ನೆನಪಿದ್ದಷ್ಟು ಹೇಳಿದೆ. ಅಡಿಕೆ ಹಾಕಿದಿರಾ ಎಂಬ ಒಂದು ಕಾಲಮಿನಲ್ಲಿ ಮಾತ್ರ ಕೊನೆಯವರೆಗೂ ಒಂದೂ ಕೆಂಪು ಗೀಟು ಬೀಳಲಿಲ್ಲ. ಅದು ಅಷ್ಟೂ ದಿನ ನಿಜ. ಮಾವ ಒಂದು ಚೂರೂ ಬಾಯಿಗೆ ಹಾಕಿರಲಿಲ್ಲ.

ನಾನು ಕೊನೆಗೆ, ಗುಣ ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತೀರಿ ಅಂದುಕೊಂಡೆವು ಎಂದೆ. ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು.

"ಅವರ ಬಾಯಿ ತೆರೆದಿದ್ದರೆ ಅದನ್ನ ಬರೀತಿದ್ದೆ, ತೆರೆಯದೇ ಇದ್ದರೆ ಅದನ್ನೂ ಬರೀತಿದ್ದೆ. ನನಗೆ ಎರಡೂ ಒಂದೇ ಆಗಿತ್ತು. ಹುಣ್ಣು ಇದೆ ಅಂತ ನೀವು ಒಂದೇ ಒಂದು ಸಲ ಹೇಳಿದ್ದರೆ ನಾನು ಅವತ್ತೇ ಕರೆಸ್ತಿದ್ದೆ. ನೀವು ಇಲ್ಲ ಅಂದ್ರಿ, ನಾನು ಫೋನ್ ಇಟ್ಟೆ."

ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. ಅಷ್ಟು ಹೇಳಿ, ನಿಮ್ಮ ಮಾತನ್ನೇ ನೆಚ್ಚಿಕೊಂಡು ಭೇಟಿ ಮುಂದೆ ಹಾಕಿದ್ದು ನನ್ನ ತಪ್ಪು, ಅದು ನನ್ನ ಜೊತೆ ಇರುತ್ತದೆ ಎಂದರು. ಆ ಹುಡುಗಿಗೆ ಆಗ ಇಪ್ಪತ್ತೇಳೋ ಇಪ್ಪತ್ತೆಂಟೋ. ನನ್ನ ಪಾಲಿನದನ್ನು ಹೊರಲು ಅವರೂ ಕೈ ಹಾಕಿದ್ದು ಕಂಡು ನಾನು ತಲೆ ಎತ್ತಲಿಲ್ಲ.

ದೊಡ್ಡ ಆಪರೇಷನ್ ಆಯಿತು. ಎಡಭಾಗದ ಕೆಳದವಡೆಯ ಮೂಳೆ, ಕೆನ್ನೆಯ ಒಳಭಾಗ, ಕುತ್ತಿಗೆಯ ಗಂಟುಗಳು ಎಲ್ಲ ತೆಗೆದರು. ಎದೆಯ ಮಾಂಸ ತಂದು ಕೆನ್ನೆಗೆ ಹೊಲಿದರು. ಗಂಟಲಿಗೆ ಒಂದು ಕೊಳವೆ, ಮೂಗಿಗೆ ಒಂದು ಕೊಳವೆ. ನಾಲ್ಕನೇ ದಿನ ನನ್ನನ್ನು ಒಳಗೆ ಬಿಟ್ಟರು. ಅರ್ಧ ಮುಖದಲ್ಲಿ ಮಾವ ಇದ್ದರು, ಅರ್ಧ ಮುಖದಲ್ಲಿ ಇರಲಿಲ್ಲ. ಮಾತು ಬರುವ ಹಾಗಿರಲಿಲ್ಲ. ನಾನು ಸ್ಟೂಲಿನ ಮೇಲೆ ಕೂತು, ಪುಸ್ತಕದ ವಿಷಯ ಡಾಕ್ಟರಮ್ಮನಿಗೆ ಹೇಳಿಬಿಟ್ಟೆ ಮಾವ, ಎಲ್ಲ ನಾನು ಬರೆದ ಸುಳ್ಳು ಎಂದು ಹೇಳಿದೆ ಎಂದೆ. ಅವರು ಕಣ್ಣು ಮುಚ್ಚಿ ತೆರೆದರು. ಆಮೇಲೆ ಎದೆಯ ಮೇಲಿದ್ದ ಟವೆಲ್ಲನ್ನು ನಿಧಾನಕ್ಕೆ ಎಳೆದು ಕೈಮೇಲೆ ಹಾಕಿಕೊಂಡು, ಅದರ ಕೆಳಗೆ ನನ್ನ ಕೈಗೆ ತಡಕಾಡಿದರು.

ಕೊಟ್ಟೆ. ಐದೂ ಬೆರಳು ಒಟ್ಟಿಗೆ ಹಿಡಿದರು. ನಾನು ಕಾದೆ, ಯಾವ ಬೆರಳು ಒತ್ತುತ್ತಾರೆ, ಏನು ಹೇಳುತ್ತಾರೆ ಎಂದು. ಒತ್ತಲಿಲ್ಲ. ಬಿಡಲೂ ಇಲ್ಲ. ವ್ಯಾಪಾರದಲ್ಲಿ ಹಾಗೆ ಹಿಡಿದುಕೊಂಡು ಕೂರುವುದಕ್ಕೆ ಯಾವ ಅರ್ಥವೂ ಇಲ್ಲ. ನರ್ಸಮ್ಮ ಬಂದು ಎಬ್ಬಿಸುವವರೆಗೂ ಹಾಗೇ ಹಿಡಿದುಕೊಂಡಿದ್ದರು...

ಎಂಟು ತಿಂಗಳು ಇದ್ದರು. ಮತ್ತೆ ಕುತ್ತಿಗೆಯಲ್ಲಿ ಬಂತು. ಮಾವ ಹೋದದ್ದು ಬಿಳಿಚೋಡಿನ ಮನೆಯಲ್ಲೇ, ಒಂದು ಬೆಳಿಗ್ಗೆ, ಕುರಿಗಳನ್ನು ಮೇಯಲು ಹೊಡೆಯುವ ಹೊತ್ತಿಗೆ. ಮಣ್ಣಿಗೆ ಡಾಕ್ಟರಮ್ಮ ಬಸ್ಸಿನಲ್ಲಿ ಬಂದಿದ್ದರು. ಅವರ ಸಂಶೋಧನೆ ಮುಗಿದಿತ್ತು. ಮಾವನ ಹೆಸರು ಹೊಡೆದುಹಾಕಿದಿರಾ ಎಂದು ಕೇಳಿದೆ. ಹೆಸರು ಯಾರದ್ದೂ ಇರುವುದಿಲ್ಲ, ಸಂಖ್ಯೆ ಇರುತ್ತದೆ, ಅವರ ಸಂಖ್ಯೆಯನ್ನು ಹಾಗೇ ಇಟ್ಟಿದ್ದೇನೆ ಎಂದರು. ಮನೆಯಲ್ಲಿ ಬರೆದ ಅಳತೆ ನಂಬಲು ಬರುವುದಿಲ್ಲ, ಹುಣ್ಣು ತಡವಾಗಿ ತಿಳಿಯಿತು ಎಂದು ಬರೆದಿದ್ದಾರಂತೆ. ಮುಂದೆ ಇಂಥ ಸಂಶೋಧನೆ ಮಾಡುವವರು ಪುಸ್ತಕವನ್ನೇ ನಂಬಿ ಕೂರದೆ ತಿಂಗಳಿಗೊಮ್ಮೆ ಬಾಯಿ ನೋಡಲೇಬೇಕು ಎಂಬುದನ್ನೂ ಬರೆದಿದ್ದಾರಂತೆ. ಮಾವನಿಂದ ಅಷ್ಟಾಯಿತು.

ಮಾವ ಹೋಗಿ ಮೂರು ವರ್ಷ ದಾಟಿತು. ನಾನು ಯಾರಿಗೆ ಸಿಕ್ಕರೂ ಹೇಳುತ್ತೇನೆ, ನಿಮಗೂ ಹೇಳುತ್ತೇನೆ. ಬಾಯಲ್ಲಿ ಎರಡು ವಾರಕ್ಕೆ ಮಾಯದ ಹುಣ್ಣು ಇದ್ದರೆ ಮೂರನೇ ವಾರ ಮನೆಯಲ್ಲಿ ಕೂರಬೇಡಿ. ಕನ್ನಡಿ ಮುಂದೆ ನಿಂತು ಮೂರು ಬೆರಳು ಒಂದರ ಮೇಲೊಂದು ಹಲ್ಲಿನ ನಡುವೆ ಹೋಗುತ್ತದಾ ನೋಡಿಕೊಳ್ಳಿ, ಹೋಗದಿದ್ದರೆ ಹೊರಡಿ. ಡಾಕ್ಟರ್ ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅವರು ನಿಮ್ಮಿಂದ ಏನನ್ನೂ ಕೊಳ್ಳುತ್ತಿಲ್ಲ. ಸಂತೆಯಲ್ಲಿ ಎಳೇ ಹುಡುಗರ ಜೇಬಿನಿಂದ ಗುಟ್ಕಾ ಪೊಟ್ಟಣ ಕಿತ್ತು ಎಸೆದು ಬೈಸಿಕೊಂಡಿದ್ದೇನೆ. ಇಷ್ಟೆಲ್ಲ ಬುದ್ಧಿ ಹೇಳುವವನು ಒಂದು ಮನೆಯಲ್ಲಿ ಮಾತ್ರ ಬಾಯಿ ಬಿಟ್ಟಿರಲಿಲ್ಲ.

ಮಾವನ ಹೆಂಡತಿಯನ್ನು ನಾನು ಅತ್ತೆ ಎನ್ನುತ್ತೇನೆ. ಅವರು ಮಗಳು ಮತ್ತು ಅವಳ ಗಂಡನ ಜೊತೆ ಬಿಳಿಚೋಡಿನಲ್ಲೇ ಇದ್ದಾರೆ. ಪುಸ್ತಕದಲ್ಲಿ ನಾನು ಏನು ಬರೆದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅತ್ತೆಗೆ ಓದಲು ಬರುವುದಿಲ್ಲ, ಮಗಳಿಗೆ ಬರುತ್ತದೆ. ಇದು ಅಚ್ಚಾದರೆ ಅವಳು ಓದುತ್ತಾಳೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಸರಿ ಎಂದು ಹೋದ ವಾರ ಇಲ್ಲಿಯವರೆಗೆ ಬರೆದ ಹಾಳೆಗಳನ್ನು ತೆಗೆದುಕೊಂಡು ಹೋದೆ.

ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ಎದುರಿಗೆ ಕೂತು ಓದಿದೆ. ಅವರು ಕೈಕೆಲಸ ನಿಲ್ಲಿಸಲಿಲ್ಲ. ಚನ್ನಗಿರಿಯ ಗಾಡಿಯಲ್ಲಿ ಕೂತು 'ಇಲ್ಲ' ಎಂದು ಬರೆದ ಭಾಗ ಓದುವಾಗ ಒಮ್ಮೆ ನಿಲ್ಲಿಸಿ, ನೀರು ಕುಡಿದು ಮತ್ತೆ ಓದಿದೆ. ಓದಿ ಮುಗಿದ ಮೇಲೂ ಅವರು ಒಂದೆರಡು ಬೀಜ ತೆಗೆದು ಆಚೆ ಹಾಕಿದರು.

"ಹಬ್ಬದ ಮುಂಚೆನೇ ದಿಂಬಿನ ಮ್ಯಾಲೆ ರಕ್ತ ಕಂಡಿದ್ದೆ ಕಣಪ್ಪ. ದಿನಾ ತೊಳೆದು ಒಣಗಿಸ್ತಿದ್ದೆ. ಅಳಿಯಂಗೆ ಮಾತ್ರ ಹೇಳಬ್ಯಾಡ ಅಂತಿದ್ರು. ರಕ್ತ ಅಂತ ಕೇಳಿದ್ರೆ ಅವನು ಸಂತೆ ಬಿಟ್ಟು ನನ್ನ ಎತ್ತಾಕ್ಕೊಂಡು ಆಸ್ಪತ್ರೆಗೆ ಓಡ್ತಾನೆ, ಈ ವರ್ಷದ ಸುಗ್ಗಿ ಅವನಿಗೆ ತಪ್ಪೋಗ್ತೈತೆ ಅಂತಿದ್ರು."

ನಾನು ಹಾಳೆಗಳನ್ನು ಮಡಿಸಿದೆ, ಮತ್ತೆ ಬಿಡಿಸಿದೆ. ಹುಣ್ಣಿದೆ ಎಂದು ಗೊತ್ತಿದ್ದೂ ಸಂತೆ ಬಿಡದವನು ನಾನು. ಮಾವ ನನ್ನನ್ನು ಅಷ್ಟು ಒಳ್ಳೆಯವನು ಎಂದುಕೊಂಡಿದ್ದರು. ಮುಖ ನೋಡಿ ಮನುಷ್ಯನ ಬೆಲೆ ಹೇಳುತ್ತಿದ್ದವರು ನನ್ನ ವಿಷಯದಲ್ಲಿ ಒಂದೇ ಸಲ ತಪ್ಪಿದ್ದರು, ಆ ತಪ್ಪಿಗೇ ಹೋದರು... ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಎದ್ದು, ಹೊತ್ತಾಯ್ತು, ಊಟ ಮಾಡು ಬಾ ಎಂದರು.

ಅನ್ನ ಕರಗಿ ಅಂಬಲಿಯ ಹಾಗಾಗಿತ್ತು. ಅಗುಳು ಒಂದೂ ಬೇರೆ ಇರಲಿಲ್ಲ. ಬೇಳೆಯೂ ಅಷ್ಟೇ, ನುಣ್ಣಗೆ, ಸಪ್ಪಗೆ. ಒಳಗಿನಿಂದ ಮಗಳು, "ಎಷ್ಟು ಹೇಳಿದ್ರೂ ಅವ್ವ ಇನ್ನೂ ಅಪ್ಪಂಗೆ ಬೇಯಿಸ್ದಂಗೇ ಬೇಯಿಸ್ತಾಳೆ ಅಣ್ಣ, ಏನು ಮಾಡೋದು," ಎಂದಳು. ಅತ್ತೆ ಇನ್ನೊಂದು ಸೌಟು ಬಡಿಸಿದರು. ನಾನು ಬೇಡ ಎನ್ನಲಿಲ್ಲ. ಅಗಿಯುವ ಕೆಲಸವೇ ಇರಲಿಲ್ಲ, ನುಂಗುವುದಷ್ಟೇ. ಅದಕ್ಕೇ ಬಹಳ ಹೊತ್ತು ಹಿಡಿಯಿತು.